ಒಂದು ಹನಿಗೆ ಎಷ್ಟು ಕಬ್ಬಿಣ

2009ರ ಬೇಸಿಗೆ. ನಾನು ಬರೆದ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಒಬ್ಬರು ಸಂಡೂರಿನಿಂದ ಬಳ್ಳಾರಿಗೆ ಬಂದು ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಬಿಳಿ ಅಂಗಿ ಮೊಣಕೈವರೆಗೆ ಗಣಿ ಧೂಳಿಗೆ ಕೆಂಪಾಗಿತ್ತು. ಆಗ ಸಂಡೂರು ಕಡೆಯಿಂದ ಬಂದ ಯಾರ ಅಂಗಿಯಾದರೂ ಹಾಗೇ ಇರುತ್ತಿತ್ತು ಬಿಡಿ. ಒಂದು ಕೈಯಲ್ಲಿ ನಮ್ಮ ರಿಪೋರ್ಟು, ಇನ್ನೊಂದು ಕೈಯಲ್ಲಿ ಬೇರೆ ಲ್ಯಾಬಿನದು. ಎರಡೂ ಒಂದೇ ರಾಶಿಯ ಅದಿರಿಗೆ. ನಮ್ಮದರಲ್ಲಿ ಕಬ್ಬಿಣ ಶೇ 62.592, ಅವರದರಲ್ಲಿ ಶೇ 62.453. ಖರೀದಿಯ ಕರಾರಿನಲ್ಲಿದ್ದ ಗೆರೆ 62.5. ಗೆರೆ ದಾಟಿದರೆ ಪೂರ್ತಿ ದರ, ದಾಟದಿದ್ದರೆ ಟನ್ನಿಗೆ ಇಷ್ಟೆಂದು ಕಡಿತ.

"ಮೇಡಂ, ಎರಡರಾಗ ಯಾವ್ದು ಖರೆ ಅಂತ ಹೇಳಿಬಿಡ್ರಿ. ಇಬ್ರಾಗ ಒಬ್ರಂತೂ ಸುಳ್ಳು ಬರದೀರಿ."

ಎಂ.ಎಸ್ಸಿ. ಮುಗಿಸಿ ಆಗಿನ್ನೂ ವರ್ಷ ಕಳೆದಿರಲಿಲ್ಲ. ಸಿಟ್ಟು ಬಂತು. ನಾನು ಸುಳ್ಳು ಬರೆದಿರಲಿಲ್ಲ. ಕ್ಯಾಲ್ಕುಲೇಟರ್ ತೋರಿಸಿದ್ದನ್ನು ಬರೆದಿದ್ದೆ. ಅದು 62.592124 ತೋರಿಸಿತ್ತು, ನಾನು ಮೂರು ಅಂಕಿ ಬಿಟ್ಟುಕೊಟ್ಟಿದ್ದೆ. ದೊಡ್ಡ ಮನಸ್ಸು ಮಾಡಿದ್ದೇನೆ ಅಂದುಕೊಂಡಿದ್ದೆ.

ನಮ್ಮ ಸೀನಿಯರ್ ಸರ್ ಬಂದವರಿಗೆ ಚಹಾ ತರಿಸಿ ಕೂರಿಸಿದರು. ನನ್ನನ್ನು ಒಳಗೆ ಕರೆದರು. ಬೈಯಲಿಲ್ಲ, ಕಚ್ಚಾ ಬುಕ್ಕು ತೆಗೆ ಅಂದರು. ಬ್ಯೂರೆಟ್ಟಿನ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ಗೆರೆ ಕೊರೆದ ಗಾಜಿನ ಕೊಳವೆಯ, ಲೆಕ್ಕ ಅದರಲ್ಲಿತ್ತು.

"ಬ್ಯೂರೆಟ್ ಎಷ್ಟು ಓದೀದವ್ವಾ?"

"22.45, ಸರ್."

"ನಾಕು ಗೆರಿ ಮ್ಯಾಲ ಇತ್ತು, ನಂಬ್ತೀನಿ. ಆ ಐದು?"

"ಎರಡು ಗೆರೆ ನಡುವೆ ಅರ್ಧ ಅಂತ..."

"ಅಂತ ಅಂದಾಜು ಮಾಡೀದಿ. ಮಾಡಬೇಕು, ತಪ್ಪಿಲ್ಲ. ಅಂದಾಜಿನ ಮ್ಯಾಲ ಚುಕ್ಕಿ ಮುಂದ ಮೂರು ಅಂಕಿ ಹೆಂಗ ಹುಟ್ಟಿದ್ವು?"

ಈ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಆ ಮೇಜಿನ ಹತ್ತಿರ ಒಮ್ಮೆ ನಿಂತು ನೋಡಬೇಕು. ನುಣ್ಣಗೆ ಅರೆದ ಅದಿರಿನ ಪುಡಿ 0.2 ಗ್ರಾಂ. ಅವತ್ತು ನಾನು ತೂಗಿದ್ದು 0.2003. ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸಿದರೆ ಅರಿಶಿನದ ನೀರಿನಂಥ ಹಳದಿ ಬರುತ್ತದೆ. ಬಿಸಿ ಇರುವಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಪೂರ್ತಿ ಹೋದ ಮೇಲೆ ಒಂದು ಹನಿ ಹೆಚ್ಚಿಗೆ, ಎರಡಲ್ಲ. ಆರಿಸಿ ಮರ್ಕ್ಯುರಿಕ್ ಕ್ಲೋರೈಡ್ ಹಾಕಿದಾಗ ರೇಷ್ಮೆ ಎಳೆಯ ಹಾಗೆ ಮಿನುಗುವ ತೆಳು ಬಿಳಿ ಗಸಿ ಏಳಬೇಕು. ಬೂದು ಬಣ್ಣ ಬಂತೋ, ಸ್ಟ್ಯಾನಸ್ ಹೆಚ್ಚಾಗಿದೆ ಎಂದರ್ಥ, ಮತ್ತೆ ಮೊದಲಿಂದ. ಆಮೇಲೆ ಗಂಧಕಾಮ್ಲ ಮತ್ತು ಫಾಸ್ಫಾರಿಕ್ ಆಮ್ಲದ ಮಿಶ್ರಣ, ನಾಲ್ಕೈದು ಹನಿ ಇಂಡಿಕೇಟರ್. ಇಷ್ಟಾದ ಮೇಲೆ ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಡೈಕ್ರೋಮೇಟ್. ಫ್ಲಾಸ್ಕು ಹಸಿರಾಗುತ್ತದೆ, ಹಸಿರು ಮಬ್ಬಾಗುತ್ತದೆ. ಆಗ ಎಡಗೈ ತಾನಾಗಿಯೇ ನಿಧಾನವಾಗುತ್ತದೆ. ಮುಂದಿನ ಒಂದೇ ಹನಿಗೆ ಇಡೀ ದ್ರಾವಣ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಸಲ ಈ ಬಣ್ಣ ನೋಡಿದ್ದೇನೆ, ಇವತ್ತಿಗೂ ಬೇಸರವಾಗಿಲ್ಲ.

ಆ ಒಂದು ಹನಿ ಸುಮಾರು 0.05 ಮಿಲಿಲೀಟರ್. ನಾವು ಬಳಸುವ ದಶಾಂಶ ನಾರ್ಮಲ್ ಸಾಂದ್ರತೆಯ ಡೈಕ್ರೋಮೇಟ್ ದ್ರಾವಣದ ಒಂದು ಮಿಲಿಲೀಟರ್ ಸುಮಾರು 5.585 ಮಿಲಿಗ್ರಾಂ ಕಬ್ಬಿಣಕ್ಕೆ ಸಮ. ಒಂದು ಹನಿಗೆ ಬರುವುದು 0.28 ಮಿಲಿಗ್ರಾಂ. 0.2 ಗ್ರಾಂ ಪುಡಿಯಲ್ಲಿ ಅದು ಶೇ 0.14. ಸರ್ ಪೆನ್ಸಿಲಿನಲ್ಲಿ ಗುಣಿಸಿ ತೋರಿಸಿದರು: 22.45ರ ಬದಲು 22.40 ಓದಿದ್ದರೆ ನನ್ನ ಉತ್ತರವೂ 62.453 ಆಗುತ್ತಿತ್ತು. ಎರಡು ಲ್ಯಾಬುಗಳ ನಡುವೆ ಇದ್ದದ್ದು ಸುಳ್ಳಲ್ಲ, ಒಂದು ಹನಿ.

ಹನಿಯನ್ನು ಬಿಟ್ಟರೂ 50 ಮಿಲಿಲೀಟರಿನ ಎ ಕ್ಲಾಸ್ ಬ್ಯೂರೆಟ್ಟಿಗೇ 0.05 ಮಿಲಿಲೀಟರ್ ಆಚೀಚೆಯ ವಿನಾಯಿತಿ ಇದೆ. ಅಲ್ಲಿಗೆ ಮತ್ತೊಂದು ಹನಿ. ನನ್ನ ಎರಡನೇ ದಶಮಾಂಶವೇ ತೂರಾಡುತ್ತಿತ್ತು. ಮೂರನೆಯದು ಬರೀ ಅಲಂಕಾರ. ಒಂದೇ ದಶಮಾಂಶಕ್ಕೆ ಬರೆದರೆ ನಮ್ಮದು 62.6, ಅವರದು 62.5. ಆಗ ಆ ಮನುಷ್ಯ ಚಹಾ ಕುಡಿಯಲಿಕ್ಕೂ ಬಳ್ಳಾರಿಗೆ ಬರುತ್ತಿರಲಿಲ್ಲ.

ಬಿಸಿಲಿನ ಪಾಲೂ ಇದೆ. ನಮ್ಮಲ್ಲಿ ಸಿಗುವ ಪಿಪೆಟ್ಟು, ಫ್ಲಾಸ್ಕುಗಳ ಕೊರಳಲ್ಲಿ 27 ಡಿಗ್ರಿ ಎಂದು ಕೊರೆದಿರುತ್ತದೆ. ಹೊರದೇಶದ ಸಾಮಾನಿನ ಮೇಲೆ 20 ಇರುತ್ತದೆ. ಬಿಸಿ ನಾಡಿಗೆ ಅದು ಒಗ್ಗದು ಎಂದು ನಮ್ಮ ಮಾನಕಗಳಲ್ಲಿ 27 ಇಟ್ಟುಕೊಂಡರು. ಆದರೆ ಬಳ್ಳಾರಿಯ ಮೇ ತಿಂಗಳಿಗೆ 27 ಯಾವ ಲೆಕ್ಕ? ಎ.ಸಿ. ಇದ್ದದ್ದು ತಕ್ಕಡಿ ಕೋಣೆಗೆ ಮಾತ್ರ. ಹೀಗೆ ಹನಿ ಬಿಟ್ಟು ಅಳೆಯುವ ಟೈಟ್ರೇಶನ್ ಮೇಜಿನ ಮೇಲೆ ಒಂದು ಫ್ಯಾನು, ಅದೂ ಕರೆಂಟು ಇದ್ದರೆ. ನೀರು 27ರಿಂದ 40 ಡಿಗ್ರಿಗೆ ಏರಿದರೆ ಶೇ 0.4ರಷ್ಟು ಹಿಗ್ಗುತ್ತದೆ. ಸಾಲದ್ದಕ್ಕೆ ಅದು ಗೊತ್ತೂ ಆಗುವುದಿಲ್ಲ, ಉಬ್ಬರದ ಹೊಟ್ಟೆಯ ಹಾಗೆ ಒಳಗೊಳಗೇ. ಬೆಳಿಗ್ಗೆ ತಂಪಿನಲ್ಲಿ ತಯಾರಿಸಿದ ದ್ರಾವಣ ಮಧ್ಯಾಹ್ನ ಅಷ್ಟು ಸಡಿಲವಾಗಿರುತ್ತದೆ. ಅದೇ ಕಬ್ಬಿಣಕ್ಕೆ 22.4ರ ಜಾಗದಲ್ಲಿ 22.5 ಮಿಲಿಲೀಟರ್ ಬೇಕಾಗುತ್ತದೆ. ಎರಡು ಹನಿ ಹೆಚ್ಚು. ಅದಿರು ಕೂತಲ್ಲೇ ಶೇ 0.27 ಶ್ರೀಮಂತವಾಗುತ್ತದೆ!

ಸರ್ ಇದಕ್ಕೆ ಮಾಡಿಕೊಂಡಿದ್ದ ಉಪಾಯ ಸರಳ. ಕಬ್ಬಿಣ ಎಷ್ಟೆಂದು ಮೊದಲೇ ಗೊತ್ತಿರುವ ಸ್ಯಾಂಪಲ್ಲನ್ನು ಪ್ರತಿ ಪಾಳಿಯಲ್ಲೂ ಜೊತೆಗೇ ಓಡಿಸುವುದು. ಬಿಸಿಲು ಎರಡಕ್ಕೂ ಒಂದೇ, ಹೋಲಿಸಿದಾಗ ಕಳೆದುಹೋಗುತ್ತದೆ. ಇದು ಬರೀ ತಂತ್ರವಲ್ಲ, ಅವರ ಸ್ವಭಾವವೂ ಹೌದು. ತಾನು ಓದಿದ್ದನ್ನು ಒಂಟಿಯಾಗಿ ನಂಬದ ಮನುಷ್ಯ. ಅಂದಾಜಿನ ಕೊನೆಯ ಅಂಕಿಯನ್ನು ಅವರು ಸ್ವಲ್ಪ ಕೆಳಗಿಳಿಸಿ ಚಿಕ್ಕದಾಗಿ ಬರೆಯುತ್ತಿದ್ದರು, ಊಟದ ಪಂಕ್ತಿಯಲ್ಲಿ ಕೊನೆಗೆ ಕೂತ ಮಗುವಿನ ಹಾಗೆ. ಅವರ ಹಳೆಯ ಬುಕ್ಕುಗಳಲ್ಲಿ ಸಾಲುಸಾಲಾಗಿ ಆ ಚಿಕ್ಕ ಅಂಕಿಗಳು ಕಾಣುತ್ತವೆ. ಎಲ್ಲಿವರೆಗೆ ಕಂಡದ್ದು, ಎಲ್ಲಿಂದ ಅಂದಾಜು ಎಂದು ಒಂದು ನೋಟಕ್ಕೆ ತಿಳಿಯುತ್ತದೆ.

ಸಿಗ್ನಿಫಿಕೆಂಟ್ ಫಿಗರ್ಸ್ ಎಂದು ಪಿಯುಸಿಯಲ್ಲಿ ಉರು ಹೊಡೆದದ್ದು ಇದನ್ನೇ. ಖಚಿತವಾಗಿ ಗೊತ್ತಿರುವ ಅಂಕಿಗಳು, ಜೊತೆಗೆ ಒಂದೇ ಒಂದು ಅನುಮಾನದ ಅಂಕಿ. ಸಾರ್ಥಕ ಅಂಕಿ ಎಂಬ ಕನ್ನಡದ ಮಾತು ನನಗೆ ಇಷ್ಟ. ಹುಟ್ಟಿದ್ದಕ್ಕೆ ಏನೋ ಕೆಲಸ ಮಾಡಿದ ಅಂಕಿ ಅಂದ ಹಾಗೆ. ಮೊದಲಿಗೆ ಬರುವ ಸೊನ್ನೆ ಲೆಕ್ಕಕ್ಕಿಲ್ಲ, ನಡುವಿನ ಸೊನ್ನೆ ಇದೆ, ದಶಮಾಂಶದ ನಂತರ ಬಾಲದಲ್ಲಿರುವ ಸೊನ್ನೆಯೂ ಇದೆ ಎಂಬ ನಿಯಮಗಳನ್ನು ಎಲ್ಲರೂ ಓದಿರುತ್ತೀರಿ, ನಾನು ಮತ್ತೆ ಹೇಳುವುದಿಲ್ಲ. ಬಾಲದ ಸೊನ್ನೆಯ ಬಗ್ಗೆ ಮಾತ್ರ ಒಂದು ಸಂಕಟ ತೋಡಿಕೊಳ್ಳಬೇಕು. ಹುಡುಗರು 0.2000 ತೂಗಿ ಎಕ್ಸೆಲ್ಲಿಗೆ ಹಾಕುತ್ತಾರೆ, ಅದು ಮೂರು ಸೊನ್ನೆ ನುಂಗಿ 0.2 ಎಂದು ತೋರಿಸುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ತಕ್ಕಡಿ ಹೇಳಿದ ಮೂರು ಮಾತು ಗಾಳಿಗೆ ಹೋದವು. ಅದೇ ಎಕ್ಸೆಲ್ಲು ಭಾಗಾಕಾರ ಮಾಡಿದರೆ ಎಂಟು ಅಂಕಿ ಧಾರಾಳವಾಗಿ ಕೊಡುತ್ತದೆ. ಇದ್ದದ್ದನ್ನು ನುಂಗಿ, ಇಲ್ಲದ್ದನ್ನು ಬಡಿಸುವ ಮನೆ.

ಆ ನಿಯಮಗಳೂ ಒರಟು ಗರಗಸ ಎಂಬುದು ನನ್ನ ಅಭಿಪ್ರಾಯ. ನಿಯಮ ಹಿಡಿದು ಹೋದರೆ 22.45ಕ್ಕೆ ನಾಲ್ಕು ಅಂಕಿ, 0.2003ಕ್ಕೂ ನಾಲ್ಕು, ಹಾಗಾಗಿ ಉತ್ತರ 62.59 ಸರಿ. ಹನಿಯ ಲೆಕ್ಕ ಹಿಡಿದರೆ ಆ 9 ನಿಲ್ಲುವುದಿಲ್ಲ. 62.6, ಆಚೀಚೆ 0.2 ಎನ್ನುವುದು ನ್ಯಾಯ. ಐಎಸ್ಓ 17025 ಎಂಬ ಅಂತಾರಾಷ್ಟ್ರೀಯ ಮಾನಕದ ಮಾನ್ಯತೆ ಇರುವ ಲ್ಯಾಬುಗಳು ಈ ಆಚೀಚೆಯನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಲೇಬೇಕು. ಆದರೆ ಗಿರಾಕಿಗೆ ಅದು ಬೇಡ. "ಆಚೀಚೆ ಯಾಕ್ರಿ, ಒಂದ ನಂಬರ್ ಕೊಡ್ರಿ" ಅನ್ನುತ್ತಾರೆ.

ಅವರನ್ನು ದೂರುವಂತೆಯೂ ಇಲ್ಲ. ಕನ್ನಡದಲ್ಲಿ ನಾವು ನಿಖರ ಎಂಬ ಒಂದೇ ಪದದಿಂದ ಎರಡು ಕೆಲಸ ಮಾಡಿಸುತ್ತೇವೆ. ಹತ್ತು ಸಲ ಅಳೆದರೂ ಅದೇ ಬರುವುದು ಒಂದು, ಬಂದದ್ದು ನಿಜಕ್ಕೆ ಹತ್ತಿರವಿರುವುದು ಇನ್ನೊಂದು. ಬಿಸಿಲಿಗೆ ಹಿಗ್ಗಿದ ದ್ರಾವಣ ಹತ್ತು ಸಲವೂ ಅದೇ ತಪ್ಪನ್ನು ತಪ್ಪದೆ ಹೇಳುತ್ತದೆ. ಅದನ್ನು ನಿಖರ ಅನ್ನಬೇಕೋ ಬೇಡವೋ? ಕರಾರುವಾಕ್ಕು ಅನ್ನೋಣವೆಂದರೆ ಆ ಪದದೊಳಗೇ ಒಂದು ಕರಾರು ಕೂತಿದೆ.

ಇದೆಲ್ಲ ಒಂದು ಫ್ಲಾಸ್ಕಿನೊಳಗಿನ ಮಾತಾಯಿತು. ಆ 0.2 ಗ್ರಾಂ ಎಲ್ಲಿಂದ ಬಂತು? 16 ಟನ್ನಿನ ಲಾರಿಯಿಂದ ಅಂದರೆ, 8 ಕೋಟಿಯಲ್ಲಿ ಒಂದು ಪಾಲು. ರಾಶಿಯ ಬುಡದಲ್ಲಿ ಗಟ್ಟಿ ಉಂಡೆ, ನೆತ್ತಿಯಲ್ಲಿ ಪುಡಿ. ಎರಡರ ಕಬ್ಬಿಣ ಬೇರೆ. ಸಲಿಕೆ ಹಾಕುವವ ನೆರಳು ಇರುವ ಕಡೆ ನಿಂತು ತುಂಬಿಕೊಂಡು ಬಂದರೆ ಮುಗಿಯಿತು. ಆ ತಪ್ಪು ನನ್ನ ಹನಿಗಿಂತ ಎಷ್ಟೋ ಪಟ್ಟು ದೊಡ್ಡದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಅಳೆಯುವವರ ಕಷ್ಟ ಇನ್ನೂ ಹೆಚ್ಚು. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ. ಪುಡಿಯನ್ನು ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ, ಸೀಸವನ್ನು ಬಟ್ಟಲಿಗೆ ಹೀರಿಸಿ, ಉಳಿದ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕಳೆದು, ಕೊನೆಗೆ ಕಣ್ಣಿಗೆ ಕಂಡೂ ಕಾಣದ ಚೂರನ್ನು ತೂಗುತ್ತಾರೆ. ಆ ತೂಕ ಎಷ್ಟು ನಾಜೂಕಾಗಿದ್ದರೂ, ಒಂದು ದಪ್ಪ ಚಿನ್ನದ ಕಣ ಈ ಪೊಟ್ಟಣಕ್ಕೆ ಬಿತ್ತೋ ಪಕ್ಕದ ಪೊಟ್ಟಣಕ್ಕೆ ಬಿತ್ತೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಅದಿರಿನ ಕೆಲಸ ಹೆಚ್ಚು ದಿನ ಇರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಸ್ಯಾಂಪಲ್ ಪೊಟ್ಟಣಗಳು ಬರುವುದೂ ನಿಂತಿತು. ಆಮೇಲೆ ಕೆಲವು ವರ್ಷ ಕುಡಿಯುವ ನೀರು ನೋಡಿದೆ. ಅದಿರು ನನಗೆ ಮತ್ತೆ ಸಿಕ್ಕಿದ್ದು ಕೊಪ್ಪಳಕ್ಕೆ ಬಂದ ಮೇಲೆ. ನೀರಿನ ಮಾತಿಗೆ ಬಂದರೆ, ಕೊಪ್ಪಳ, ರಾಯಚೂರು ಕಡೆಯ ಬೋರಿನ ನೀರು ಎಂದರೆ ಮೊದಲು ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಬಂದ ಉತ್ತರವನ್ನು ಮಿತಿಯಲ್ಲಿ ಎಷ್ಟು ಅಂಕಿ ಇವೆಯೋ ಅಷ್ಟಕ್ಕೇ ಸರಿಹೊಂದಿಸಿ ಹೋಲಿಸಬೇಕು ಎಂದು ಭಾರತೀಯ ಮಾನಕಗಳಲ್ಲೇ ಬರೆದಿದೆ. ಅಂದರೆ 1.54 ಬಂದ ಬೋರು ಪಾಸು, 1.56 ಬಂದದ್ದು ಫೇಲು. ಯಂತ್ರ ಇವತ್ತು 1.54 ತೋರಿಸಿ ನಾಳೆ ಅದೇ ಬಾಟಲಿಗೆ 1.56 ತೋರಿಸಬಹುದು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಹಳದಿ ಗೆರೆ ಬಿದ್ದ ಹಲ್ಲಿನ ಮಕ್ಕಳನ್ನು ಕಂಡ ಮೇಲೆ ಆ ಗೆರೆಯ ಹತ್ತಿರದ ಉತ್ತರಕ್ಕೆ ಸಹಿ ಹಾಕುವಾಗ ಕೈ ತಡೆಯುತ್ತದೆ, ಅದನ್ನೂ ಒಪ್ಪಬೇಕು.

ಲ್ಯಾಬಿನಲ್ಲಿ ಇಷ್ಟು ಕಷ್ಟಪಟ್ಟು ಕಲಿತದ್ದು ನಮ್ಮ ಅವ್ವನಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಹೊಳೆದದ್ದು ತೀರಾ ತಡವಾಗಿ. ಹಬ್ಬಕ್ಕೆ ಎಷ್ಟು ಮಂದಿ ಬರ್ತಾರ ಎಂದು ಫೋನಿನಲ್ಲಿ ಕೇಳಿದೆ. "ಏಳೆಂಟು ಮಂದಿ." ಹೋಳಿಗೆ ಎಷ್ಟು? "ಒಂದಿಪ್ಪತ್ತು ಇಪ್ಪತ್ತೈದು ಆಗ್ತಾವ." ಕನ್ನಡದ ಜೋಡಿ ಸಂಖ್ಯೆಗಳನ್ನು ಒಮ್ಮೆ ಸುಮ್ಮನೆ ಕೂತು ನೋಡಿ. ಎರಡ್ಮೂರು, ನಾಲ್ಕೈದು, ಏಳೆಂಟು. ಪ್ರತಿಯೊಂದರಲ್ಲೂ ಆಚೀಚೆ ಅಡಕವಾಗಿದೆ. ಸಂಖ್ಯೆ ದೊಡ್ಡದಾದಂತೆ ಸಂದು ತಾನಾಗಿ ಅಗಲವಾಗುತ್ತದೆ: ಎಂಟ್ಹತ್ತು ಎನ್ನುವಾಗ ಒಂಬತ್ತನ್ನು ಹಾರುತ್ತೇವೆ, ಹತ್ತು ಹನ್ನೆರಡು ಎನ್ನುವಾಗ ಹನ್ನೊಂದನ್ನು, ಹತ್ತಿಪ್ಪತ್ತು ಎಂದರೆ ನಡುವಿನ ಅಷ್ಟನ್ನೂ. ಐದೇಳು ಎಂದು ಯಾರೂ ಹೇಳುವುದಿಲ್ಲ. ಅಷ್ಟು ಚಿಕ್ಕ ಸಂಖ್ಯೆಗೆ ಅಷ್ಟು ಅನುಮಾನ ಮರ್ಯಾದೆಯಲ್ಲ. ಏಳೂವರೆ, ಆಚೀಚೆ ಅರ್ಧ ಎಂದು ನಾನು ಮೂರು ಸಾಲು ಲೆಕ್ಕ ಹಾಕಿ ಬರೆಯುವುದನ್ನು ಅವ್ವ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಹಣ ಎಣಿಸುವಾಗ ಮಾತ್ರ ಅವಳು ಜೋಡಿ ಸಂಖ್ಯೆ ಬಳಸುವುದಿಲ್ಲ. ಸಂತೆಯಿಂದ ಬಂದವಳ ಕೈಯಲ್ಲಿ ಉಳಿದದ್ದು ನಲವತ್ತೇಳು ರೂಪಾಯಿ ಎಂದರೆ ನಲವತ್ತೇಳೇ.

ಎಣಿಸಿದ್ದು ಬೇರೆ, ಅಳೆದದ್ದು ಬೇರೆ. ನನ್ನನ್ನು ಕಾಡುವುದು ಅಳೆದದ್ದು ಖಾತೆ ಪುಸ್ತಕಕ್ಕೆ ಹೋದ ಕ್ಷಣ ಎಣಿಸಿದ್ದರ ವೇಷ ಹಾಕಿಕೊಳ್ಳುವುದು.

ತುಂಗಭದ್ರಾ ಅಣೆಕಟ್ಟಿನ ಉದಾಹರಣೆಯೇ ಸಾಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ಕೊಪ್ಪಳ, ಗಂಗಾವತಿ ಕಡೆ ಯಾರೂ ನಿದ್ದೆ ಮಾಡಲಿಲ್ಲ. 33 ಗೇಟುಗಳಲ್ಲಿ ಒಂದು. ಹೊಸ ತಡೆ ಕೂರಿಸುವತನಕ, ಸುಮಾರು ಒಂದು ವಾರ, ನಮ್ಮ ಮನೆ ಮಂದಿಯೆಲ್ಲ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಎರಡೇ: ಎಷ್ಟು ಅಡಿ, ಎಷ್ಟು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). ತುಂಬಿದ ಮಟ್ಟ 1633 ಅಡಿ, ತುಂಬಿದ ನೀರು 105.788 ಟಿಎಂಸಿ. ಈ 105.788 ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ.

ನಾನು ಆ ಕೊನೆಯ 8ರ ಹಿಂದೆ ಬಿದ್ದೆ. ಒಂದು ಟಿಎಂಸಿಯ ಸಾವಿರದಲ್ಲೊಂದು ಭಾಗ ಎಂದರೆ 2.83 ಕೋಟಿ ಲೀಟರ್. ಒಂದು ಊರಿಗೆ ಅದು ಸಣ್ಣದಲ್ಲ. ಆದರೆ ತುಂಬಿದಾಗ ನೀರು ಹರಡುವುದು ಸುಮಾರು 378 ಚದರ ಕಿಲೋಮೀಟರಿನಲ್ಲಿ. ಅಷ್ಟಗಲಕ್ಕೆ ಆ 2.83 ಕೋಟಿ ಲೀಟರನ್ನು ಹಾಸಿದರೆ ಅದರ ದಪ್ಪ 0.075 ಮಿಲಿಮೀಟರ್. ತಲೆಗೂದಲಿನ ದಪ್ಪ. ಒಂದು ಗಾಳಿ ಬೀಸಿದರೆ ದಂಡೆಯಲ್ಲಿ ಏಳುವ ಅಲೆ ಇದರ ಸಾವಿರ ಪಟ್ಟು ಇರುತ್ತದೆ. ಇನ್ನೂ ಒಂದು ವಿಷಯ. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಜಾಗ ಹೂಳು ತುಂಬಿ 2008ರ ಸರ್ವೆಗೆ 100.855ಕ್ಕೆ ಇಳಿದಿತ್ತು. 2016ರ ಸರ್ವೆಯಲ್ಲಿ 105.788 ಬಂತು. ಎಂಟು ವರ್ಷದಲ್ಲಿ 5 ಟಿಎಂಸಿಯಷ್ಟು ಹೂಳು ಎದ್ದು ಹೋಗಿರಲಿಲ್ಲ, ಬದಲಾದದ್ದು ಅಳತೆ. ಐದರಷ್ಟು ವ್ಯತ್ಯಾಸವಿರುವ ಎರಡು ಸಂಖ್ಯೆಗಳು, ಎರಡಕ್ಕೂ ಮೂರು ಮೂರು ದಶಮಾಂಶ!

ಆದರೂ ಆ ಮೂರು ದಶಮಾಂಶ ಬರೆದವರನ್ನು ಬೈಯಲು ನನಗೆ ಮನಸ್ಸಿಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ ಹಂಚುವ ನೀರು ಅದು. ಕೂಡಿಸಿ ಕಳೆದರೆ ಕೊನೆಯಲ್ಲಿ ತಾಳೆಯಾಗಬೇಕು, ಎಲ್ಲೂ ಅರ್ಧ ಉಳಿಯಬಾರದು. ಅದು ಲೆಕ್ಕದವರ ಅಗತ್ಯ. ನೀರು ಅಳೆದವನಿಗೆ ಕೇಳಿದ್ದರೆ ನೂರೈದಾರು ಅನ್ನುತ್ತಿದ್ದನೇನೋ.

ಆ ಆಣೆಕಟ್ಟಿನ ಎಡದಂಡೆ ಕಾಲುವೆಯ ನೀರಿಗೆ ಕಾರಟಗಿ ಹತ್ತಿರ ನಮ್ಮದೂ ನಾಲ್ಕೆಕರೆ ಭತ್ತ. ಹೋದ ಸುಗ್ಗಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಮಷೀನಿನಲ್ಲಿ ಕೊಯ್ದ ಭತ್ತವನ್ನು ಎರಡು ದಿನ ರಸ್ತೆ ಬದಿಗೆ ಹರವಿ, 75 ಕಿಲೋದ ಚೀಲ ತುಂಬಿ ಇಟ್ಟಿದ್ದರು. ಕೊಳ್ಳುವವರು ಕೈಯಲ್ಲಿ ಹಿಡಿಯುವ ತೇವಾಂಶ ಮೀಟರು ತಂದರು. ಸರ್ಕಾರಿ ಖರೀದಿಗೆ ಶೇ 17 ಮಿತಿ. ಇವರೂ ಅದೇ ಗೆರೆ ಹಿಡಿದಿದ್ದರು. ಒಂದು ಮುಷ್ಟಿ ಕಾಳು ಹಾಕಿ ಒತ್ತಿದರು. 17.4. ಚೀಟಿಯಲ್ಲಿ ಬರೆದರು.

ನನಗೆ ಸುಮ್ಮನಿರಲು ಆಗಲಿಲ್ಲ. "ಅಣ್ಣಾರ, ಅದ ಚೀಲದ್ದು ಇನ್ನೆರಡು ಸಲ ನೋಡ್ರಿ." ಒಲ್ಲದ ಮನಸ್ಸಿನಿಂದ ನೋಡಿದರು. 16.7. ಮತ್ತೊಮ್ಮೆ, 17.0. ಕಾಳಿನ ಬಿಸಿ, ಬಟ್ಟಲಿಗೆ ಸಡಿಲ ತುಂಬಿದರೋ ಒತ್ತಿ ತುಂಬಿದರೋ, ಮೀಟರಿಗೆ ಎಲ್ಲವೂ ನಾಟುತ್ತದೆ. ನಾನು ಸರಾಸರಿ, ಆಚೀಚೆ ಎಂದು ಶುರು ಮಾಡಿದೆ. ಸೀನಿಯರ್ ಸರ್ ನನ್ನ ಬಾಯಲ್ಲಿ ಕೂತು ಮಾತಾಡುತ್ತಿದ್ದ ಹಾಗಿತ್ತು. ಅವರು ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು.

"ಖರೆ ಐತಿ ತಂಗೀ. ಆದ್ರ ಚೀಟಿ ಹರದಾಗೈತಲ್ಲ."

ಅಷ್ಟರಲ್ಲಿ ಅವರ ಹುಡುಗ ಮೊಬೈಲಿನಲ್ಲಿ ಚೀಲಕ್ಕಿಷ್ಟು ಕಿಲೋ ಎಂದು ಕಳೆದು, ದರದಿಂದ ಗುಣಿಸಿ, ಪೈಸೆವರೆಗೆ ಮೊತ್ತ ಹೇಳಿಬಿಟ್ಟಿದ್ದ.

ಅಪ್ಪ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

"ನೂರಾ ಹನ್ನೆರಡು ಚೀಲ. ಇದು ನಾನ ಎಣಿಸೀನಿ," ಅಂದ. ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದ. "ಈ ಚುಕ್ಕಿ ಮುಂದಿನ ನಾಕು ಯಾರು ಎಣಿಸ್ಯಾರ?"

ಹಮಾಲರು ಕೊನೆಯ ಚೀಲವನ್ನು ಲಾರಿಗೆ ಏರಿಸುತ್ತಿದ್ದರು.